ಊಟ ಮೊದಲು, ದೇವಸ್ಥಾನ ಆಮೇಲೆ: ಕೆಳದಿ, ಇಕ್ಕೇರಿ, ನಗರ ಒಂದೇ ದಿನದಲ್ಲಿ

ಶಿವಮೊಗ್ಗಕ್ಕೆ ಬಂದವರು ಸಾಮಾನ್ಯವಾಗಿ ಜೋಗ ನೋಡುತ್ತಾರೆ, ಸಕ್ರೆಬೈಲಿನಲ್ಲಿ ಆನೆ ನೋಡುತ್ತಾರೆ, ವಾಪಸ್ ಹೋಗುತ್ತಾರೆ. ಆದರೆ ಇದೇ ಜಿಲ್ಲೆಯಲ್ಲಿ ಒಂದೇ ರಾಜಮನೆತನದ ಮೂರು ರಾಜಧಾನಿಗಳಿವೆ. 1499ರ ಹೊತ್ತಿಗೆ ಕೆಳದಿಯಲ್ಲಿ ಶುರುವಾದ ನಾಯಕರ ಆಳ್ವಿಕೆ ಆಮೇಲೆ ಇಕ್ಕೇರಿಗೆ ಹೋಯಿತು. ಅಲ್ಲಿಂದ ಬಿದನೂರಿಗೆ, ಅಂದರೆ ಇವತ್ತಿನ ನಗರಕ್ಕೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದುಕೊಂಡಾಗ ಮುಗಿಯಿತು. ಒಂದು ಕಾರು, ಒಬ್ಬ ಒಳ್ಳೆ ಗೈಡು, ಹೇಳಿಟ್ಟ ಒಂದು ಮನೆಯೂಟ ಇದ್ದರೆ ಈ ಮೂರನ್ನೂ ಬೆಳಿಗ್ಗೆಯಿಂದ ಸಂಜೆಯೊಳಗೆ ನಿಧಾನವಾಗಿ ನೋಡಬಹುದು, ದಾರಿಯುದ್ದಕ್ಕೂ ಮಲೆನಾಡಿನ ರುಚಿ ನೋಡುತ್ತಾ.

ಹೆಚ್ಚಿನವರು ಮೊದಲು ದೇವಸ್ಥಾನಗಳ ಪಟ್ಟಿ ಮಾಡುತ್ತಾರೆ, ಊಟ ಎಲ್ಲೋ ಸಿಕ್ಕಲ್ಲಿ ಅಂದುಕೊಳ್ಳುತ್ತಾರೆ. ಮಲೆನಾಡಿನಲ್ಲಿ ಇದು ನಡೆಯಲ್ಲ. ಕಲ್ಲಿನ ಗುಡಿ ನಾಲ್ಕುನೂರು ವರ್ಷದಿಂದ ಅಲ್ಲೇ ಇದೆ, ನೀವು ಹತ್ತಕ್ಕೆ ಹೋದರೂ ಇರುತ್ತದೆ, ಹನ್ನೊಂದಕ್ಕೆ ಹೋದರೂ ಇರುತ್ತದೆ. ತಂಬುಳಿ ಹಾಗಲ್ಲ.

ಮೊದಲು ಊಟ ಗಟ್ಟಿ ಮಾಡಿ

ಸಾಗರ, ಹೆಗ್ಗೋಡು, ಇಕ್ಕೇರಿ ಸುತ್ತಮುತ್ತ ಹೇಳಿದರೆ ಮನೆಯೂಟ ಮಾಡಿಕೊಡುವವರಿದ್ದಾರೆ. ಹೋಂಸ್ಟೇಗಳಲ್ಲೂ ಊಟಕ್ಕಷ್ಟೇ ಬರುತ್ತೇವೆ ಅಂದರೆ ಒಪ್ಪುವವರು ಸಿಗುತ್ತಾರೆ. ಎರಡು ಮೂರು ದಿನ ಮೊದಲೇ ಫೋನ್ ಮಾಡಿ. ಎಷ್ಟು ಜನ, ಎಷ್ಟು ಹೊತ್ತಿಗೆ, ಮಕ್ಕಳಿದ್ದಾರಾ, ಖಾರ ತಿನ್ನುತ್ತೀರಾ, ಇಷ್ಟು ಹೇಳಿದರೆ ಸಾಕು. "ಸ್ಪೆಷಲ್ ಏನಾದ್ರೂ ಮಾಡಿ" ಅನ್ನಬೇಡಿ. ಹಾಗಂದರೆ ಪಾಪ ಅವರು ನಿಮಗಾಗಿ ಜಾಮೂನು, ಪಲಾವ್ ಮಾಡಿ ಇಡುತ್ತಾರೆ. "ನೀವು ಮನೆಯಲ್ಲಿ ಮಾಡಿಕೊಳ್ಳೋದನ್ನೇ ಮಾಡಿ ಅಕ್ಕ, ಒಂದು ತಂಬುಳಿ, ಅಪ್ಪೆಹುಳಿ ಇರಲಿ" ಅನ್ನಿ. ಆಗ ನಿಜವಾದ ಊಟ ಸಿಗುತ್ತದೆ.

ದುಡ್ಡಿನ ಮಾತು ಆಗಲೇ ಮುಗಿಸಿ. ಊಟ ಆದಮೇಲೆ "ಎಷ್ಟಾಯ್ತು" ಅಂತ ಕೇಳಿದರೆ ಮನೆಯವರು ಸಂಕೋಚ ಪಡುತ್ತಾರೆ, "ಅಯ್ಯೋ ನೋಡಿ ಕೊಡಿ" ಅನ್ನುತ್ತಾರೆ, ಆಮೇಲೆ ನೀವು ಕಾರಿನಲ್ಲಿ ಕೂತು ಕೊಟ್ಟದ್ದು ಕಡಿಮೆಯಾಯಿತೇನೋ ಅಂತ ತಲೆಕೆಡಿಸಿಕೊಳ್ಳಬೇಕು. ತಲೆಗಿಷ್ಟು ಅಂತ ಮೊದಲೇ ಮಾತಾಡಿದರೆ ಇಬ್ಬರಿಗೂ ಹಗುರ.

ಈ ಭಾಗದ ಮನೆಯೂಟ ಅಂದರೆ ಬಹಳಷ್ಟು ಕಡೆ ಹವ್ಯಕ ಬ್ರಾಹ್ಮಣರ ಸಸ್ಯಾಹಾರ. ಕಡುಬು, ಕೋಳಿ ಸಾರು ಬೇಕು ಅನ್ನುವವರು ತೀರ್ಥಹಳ್ಳಿ ಕಡೆ ನೋಡಬೇಕು. ಕವಲೇದುರ್ಗದ ಕೋಟೆ ಹತ್ತಿ ಇಳಿದು ಗೌಡರ ಮನೆಯಲ್ಲಿ ಬಿಸಿ ಕಡುಬಿಗೆ ಕೂತರೆ ಅದೇ ಒಂದು ದಿನದ ಕಾರ್ಯಕ್ರಮ, ಇದಕ್ಕೆ ಅದನ್ನು ಸೇರಿಸಲು ಹೋಗಬೇಡಿ.

ಗೈಡ್ ಹುಡುಕುವುದು

ಪ್ರವಾಸೋದ್ಯಮ ಇಲಾಖೆಯ ತರಬೇತಿ ಪಡೆದು ಗುರುತಿನ ಚೀಟಿ ಇಟ್ಟುಕೊಂಡ ಗೈಡ್‌ಗಳಿದ್ದಾರೆ. ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಅದು ಬಿಟ್ಟರೆ ಊರಿನ ಮೇಷ್ಟ್ರು, ಇತಿಹಾಸದ ಹುಚ್ಚಿರುವ ಅಡಿಕೆ ಬೆಳೆಗಾರರು, ಹೋಂಸ್ಟೇ ನಡೆಸುವವರ ಪರಿಚಯದ ಹುಡುಗರು ಬರುತ್ತಾರೆ. ಚೀಟಿ ಇದ್ದರೆ ಒಳ್ಳೆಯದು, ಆದರೆ ಚೀಟಿಯೊಂದೇ ನೋಡಿ ತೀರ್ಮಾನಿಸಬೇಡಿ.

ಫೋನಿನಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: "ಇಕ್ಕೇರಿ ಗುಡಿಯ ನೆಲದ ಮೇಲೆ ಏನು ಕೆತ್ತಿದ್ದಾರೆ?" ಉತ್ತರ ಥಟ್ಟಂತ ಬಂದರೆ ಆ ಮನುಷ್ಯ ಗುಡಿಯೊಳಗೆ ಬಗ್ಗಿ ನೋಡಿದ್ದಾನೆ ಅಂತ ಅರ್ಥ. "ಸಾರ್, ಅದೆಲ್ಲ ಇರ್ಲಿ, ಜೋಗಕ್ಕೂ ಹೋಗಿ ಬಂದ್ಬಿಡೋಣ" ಅಂದರೆ ನಯವಾಗಿ ಫೋನ್ ಇಡಿ. ಒಂದೇ ದಿನದಲ್ಲಿ ಜೋಗ, ಸಿಗಂದೂರು, ಕೆಳದಿ, ಇಕ್ಕೇರಿ ಎಲ್ಲ ತೋರಿಸುತ್ತೇವೆ ಅನ್ನುವ ಪ್ಯಾಕೇಜಿನಲ್ಲಿ ನೀವು ನೋಡುವುದು ಮುಂದಿನ ಸೀಟಿನ ಬೆನ್ನು ಮಾತ್ರ.

ಇನ್ನೊಂದು ವಿಷಯ. ಕೆಳದಿಯ ಬಗ್ಗೆ ಹುತ್ತದ ಮೇಲೆ ಹಸು ಹಾಲು ಸುರಿಸಿದ ಕಥೆ ಇದೆ, ಮನೆತನದ ಮೊದಲ ನಾಯಕ ಚೌಡಪ್ಪನಿಗೆ ನಿಧಿ ಸಿಕ್ಕಿದ ಕಥೆ ಇದೆ, ಯಾದವ, ಮುರಾರಿ ಎಂಬ ಇಬ್ಬರು ಆಳುಗಳ ಬಲಿದಾನದ ಕಥೆ ಇದೆ. ಒಳ್ಳೆಯ ಗೈಡ್ ಇವನ್ನೆಲ್ಲ ಹೇಳುತ್ತಾನೆ, ಹೇಳಿ "ಇದು ಜನ ಹೇಳೋದು, ಶಾಸನದಲ್ಲಿ ಇರೋದು ಇಷ್ಟು" ಅಂತ ಬೇರೆ ಮಾಡಿಯೂ ತೋರಿಸುತ್ತಾನೆ. ಎರಡೂ ಬೇಕು. ಕಲಸಿ ಕೊಟ್ಟರೆ ಮಾತ್ರ ಕಷ್ಟ.

ಕಾರು, ಖರ್ಚು

ಹಳದಿ ಬೋರ್ಡಿನ ಕಾರನ್ನೇ ಮಾಡಿಕೊಳ್ಳಿ. ಬಿಳಿ ಬೋರ್ಡಿನವರು ಅಗ್ಗಕ್ಕೆ ಬರುತ್ತಾರೆ, ಆದರೆ ಏನಾದರೂ ಆದರೆ ವಿಮೆಯ ತಕರಾರು ನಿಮ್ಮ ಕೊರಳಿಗೆ. ಬಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿರುತ್ತದೆ, ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಅಂತ ಇರುತ್ತದೆ, ಅದರ ಮೇಲೆ ಡ್ರೈವರ್ ಬಾಟಾ. ಈ ಸುತ್ತು 200 ಕಿ.ಮೀ. ದಾಟುತ್ತದೆ. ಹಾಗಾಗಿ ಕನಿಷ್ಠ ಕಿ.ಮೀ. ಎಷ್ಟು, ಲೆಕ್ಕ ನಿಮ್ಮ ಮನೆ ಬಾಗಿಲಿಂದಲೋ ಅವರ ಶೆಡ್ಡಿನಿಂದಲೋ ಅನ್ನುವುದನ್ನು ಕೇಳಿಕೊಳ್ಳಿ. ಗೈಡ್ ಮತ್ತು ಡ್ರೈವರ್ ಊಟ ನಿಮ್ಮ ಲೆಕ್ಕದಲ್ಲೇ ಇರಲಿ. ಮನೆಯೂಟಕ್ಕೆ ತಲೆ ಎಣಿಸುವಾಗ ಅವರಿಬ್ಬರನ್ನೂ ಸೇರಿಸಿ ಹೇಳಿ, ಇದನ್ನು ಮರೆಯುವವರು ಬಹಳ.

ಮಾತಾಡಿದ್ದನ್ನೆಲ್ಲ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಮಾಡಿ ಕಳಿಸಿ: ಕಾರಿಗೆ ಇಷ್ಟು, ಗೈಡ್‌ಗೆ ಇಷ್ಟು, ಊಟಕ್ಕೆ ಇಷ್ಟು. ಒಂದಿಷ್ಟು ನಗದು ಇಟ್ಟುಕೊಳ್ಳಿ. ಹೊಸನಗರ ದಾಟಿದ ಮೇಲೆ ಕೆಲವು ಕಡೆ ನೆಟ್‌ವರ್ಕೇ ಇರಲ್ಲ, ಫೋನಿನಲ್ಲಿ ದುಡ್ಡು ಕಳಿಸುತ್ತೇನೆ ಅಂದರೆ ಗೂಡಂಗಡಿಯವರು ನಗುತ್ತಾರೆ. ಮ್ಯಾಪನ್ನೂ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಯಾವ ತಿಂಗಳು ಒಳ್ಳೆಯದು?

ಓಡಾಡಲು ಅಕ್ಟೋಬರ್‌ನಿಂದ ಫೆಬ್ರವರಿ. ಬಾಯಿಗೆ ಬೇಕಾದ್ದು ಮಾತ್ರ ತಿಂಗಳಿಗೊಂದು ಥರ.

ಜನವರಿಯಿಂದ ಮಾರ್ಚ್ ಆಲೆಮನೆ ಕಾಲ. ಕಬ್ಬಿನ ಹಾಲು, ಬಿಸಿ ಜೋನಿ ಬೆಲ್ಲ, ತೊಡೆದೇವು ಅನ್ನುವ ತೆಳ್ಳನೆಯ ಸಿಹಿತಿಂಡಿ. ಏಪ್ರಿಲ್ ಮೇನಲ್ಲಿ ಹಲಸು, ಮಾವು, ಮನೆಯಂಗಳದಲ್ಲಿ ಚಾಪೆ ಹಾಸಿ ಒಣಗಿಸಿದ ಹಪ್ಪಳ. ಮಳೆಗಾಲದಲ್ಲಿ ಕೆಸುವಿನ ಪತ್ರೊಡೆ, ಕಳಲೆ. ಕಳಲೆ ಅಂದರೆ ಬಿದಿರಿನ ಎಳೆ ಮೊಳಕೆ, ಅದನ್ನು ಹೆಚ್ಚಿ ದಿನಾ ನೀರು ಬದಲಿಸುತ್ತಾ ನೆನೆಸಿಟ್ಟು ಆಮೇಲೆ ಬೇಯಿಸುತ್ತಾರೆ, ಹಸಿಯದರಲ್ಲಿ ವಿಷದ ಅಂಶ ಇರುತ್ತದೆ. ಹಾಗಾಗಿ ರಸ್ತೆ ಬದಿ ಕೊಂಡು ನೀವೇ ಪ್ರಯೋಗ ಮಾಡಬೇಡಿ, ಮಾಡಿ ಗೊತ್ತಿರುವವರ ಕೈಯಲ್ಲೇ ತಿನ್ನಿ. ಅಕ್ಟೋಬರ್ ಸುಮಾರಿಗೆ ಭೂಮಿ ಹುಣ್ಣಿಮೆ ಬರುತ್ತದೆ. ಸಾಗರ, ಸೊರಬ ಕಡೆಯ ದೀವರ ಸಮುದಾಯದವರು ಬುಟ್ಟಿಗೆ ಚಿತ್ತಾರ ಬರೆದು ಅದರಲ್ಲಿ ಅಡುಗೆ ತುಂಬಿ ಗದ್ದೆಗೆ ಒಯ್ಯುತ್ತಾರೆ. ಗೈಡ್‌ಗೆ ಆ ಮನೆಗಳ ಪರಿಚಯ ಇದ್ದರೆ ಕೇಳಿ ನೋಡಿ. ಕರೆದರೆ ಹೋಗಿ, ಕರೆಯದೆ ಕ್ಯಾಮೆರಾ ಹಿಡಿದು ಗದ್ದೆಗೆ ನುಗ್ಗಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಂಬಳ, ಅಂದರೆ ಜಿಗಣೆ ಇರುತ್ತವೆ, ಉಪ್ಪೋ ಸುಣ್ಣವೋ ಇಟ್ಟುಕೊಂಡರೆ ಆಯಿತು. ಅದಕ್ಕಿಂತ ಗಮನ ಕೊಡಬೇಕಾದ್ದು ಬೇಸಿಗೆಯ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳ. ಮಂಗನ ಕಾಯಿಲೆ ಹರಡುವುದು ಇದರಿಂದಲೇ, 1957ರಲ್ಲಿ ಅದು ಮೊದಲು ಗುರುತಾದದ್ದೂ ಇದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಫೋಟೋಗೆ ಅಂತ ಕಾಡಿನೊಳಗೆ, ತರಗೆಲೆ ಮೇಲೆ ಅಡ್ಡಾಡಬೇಡಿ. ಮೈ ಮುಚ್ಚುವ ಬಟ್ಟೆ ಇರಲಿ. ಮಂಗ ಸತ್ತು ಬಿದ್ದಿದ್ದರೆ ಆ ಕಡೆ ಹೋಗಲೇಬೇಡಿ, ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಆಯಾ ವರ್ಷ ಎಲ್ಲಿ ಕಾಯಿಲೆ ಇದೆ ಅಂತ ಊರಿನವರಿಗೆ ಗೊತ್ತಿರುತ್ತದೆ, ಕೇಳಿ.

ಬೆಳಿಗ್ಗೆ: ಕೆಳದಿ

ಆರೂವರೆಗೆ ಶಿವಮೊಗ್ಗ ಬಿಡಿ. ಸಾಗರಕ್ಕೆ 70 ಕಿ.ಮೀ. ಸ್ವಲ್ಪ ಜಾಸ್ತಿ. ಹೊಟ್ಟೆ ತುಂಬ ತಿಂಡಿ ಬೇಡ, ದಾರಿಯಲ್ಲಿ ಎರಡು ಇಡ್ಲಿಯೋ ಒಂದು ಬನ್ಸೋ ಸಾಕು. ಇವತ್ತು ತಿನ್ನುವುದು ಬಹಳ ಇದೆ. ಆನಂದಪುರದ ಹತ್ತಿರ ಮಲಂದೂರಿನಲ್ಲಿ ಚಂಪಕ ಸರಸು ಅಂತ ಕಲ್ಲಿನ ಕೊಳ ಇದೆ, ಕೆಳದಿ ಮನೆತನದ ದೊರೆ ವೆಂಕಟಪ್ಪ ನಾಯಕ ತಾನು ಪ್ರೀತಿಸಿದ ಚಂಪಕಾಳ ನೆನಪಿಗೆ ಕಟ್ಟಿಸಿದ್ದು ಅಂತ ಜನ ಹೇಳುತ್ತಾರೆ. ಬೆಳಗಿನ ಬೆಳಕಿನಲ್ಲಿ ಅರ್ಧ ಗಂಟೆ ಅಲ್ಲಿ ಕಳೆಯಬಹುದು. ಹೊರಡುವುದು ತಡವಾಗಿದ್ದರೆ ಬಿಟ್ಟುಬಿಡಿ.

ಕೆಳದಿ ಸಾಗರದಿಂದ ಹತ್ತು ಕಿ.ಮೀ. ಒಳಗೇ. ರಾಮೇಶ್ವರ, ವೀರಭದ್ರ, ಪಾರ್ವತಿ ಗುಡಿಗಳು ಒಂದೇ ಆವರಣದಲ್ಲಿವೆ. ಎತ್ತರದ ಗೋಪುರ ನೋಡಿ ಅಭ್ಯಾಸ ಇರುವವರಿಗೆ ಹೊರಗಿನಿಂದ ಇಷ್ಟೇನಾ ಅನ್ನಿಸುತ್ತದೆ. ಒಳಗೆ ಹೋಗಿ ತಲೆ ಎತ್ತಿ. ವೀರಭದ್ರ ಗುಡಿಯ ಛಾವಣಿಯಲ್ಲಿ ಗಂಡಭೇರುಂಡ ಇದೆ, ಪಾರ್ವತಿ ಗುಡಿಯಲ್ಲಿ ಮರದ ಕೆತ್ತನೆಯ ಛಾವಣಿ ಇದೆ. ಮೊಬೈಲ್ ಟಾರ್ಚಿಗಿಂತ ಸಣ್ಣ ಕೈಟಾರ್ಚ್ ಒಳ್ಳೆಯದು, ಬೆಳಕನ್ನು ಓರೆಯಾಗಿ ಬಿಟ್ಟರೆ ಕೆತ್ತನೆ ಎದ್ದು ಕಾಣುತ್ತದೆ.

ಊರಲ್ಲೇ ವಸ್ತುಸಂಗ್ರಹಾಲಯವೂ ಇದೆ. ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಬೆಳೆಸಿದ್ದು. ತಾಳೆಗರಿ, ಹಳೆಯ ಕಾಗದಪತ್ರ, ನಾಣ್ಯಗಳನ್ನು ನೋಡಬಹುದು. ರಜೆಯ ದಿನ ಯಾವುದು ಅಂತ ಗೈಡ್ ಮೂಲಕ ಮೊದಲೇ ಕೇಳಿಸಿಕೊಂಡಿರಿ. ಇದನ್ನು ಊಟಕ್ಕೆ ಮೊದಲೇ ನೋಡಿ ಮುಗಿಸಿ. ಕಾರಣ ಊಟದ ಹತ್ತಿರ ಹೇಳುತ್ತೇನೆ.

ಇಕ್ಕೇರಿ: ಬಗ್ಗಿ ನೋಡಿ

ಸಾಗರಕ್ಕೆ ವಾಪಸ್ ಬಂದು ಇನ್ನೊಂದು ದಿಕ್ಕಿಗೆ ಆರು ಕಿ.ಮೀ. ಹೋದರೆ ಇಕ್ಕೇರಿ. ಈಗ ಅಡಿಕೆ ತೋಟಗಳ ನಡುವಿನ ಸಣ್ಣ ಊರು. ಒಂದು ಕಾಲಕ್ಕೆ ಇಲ್ಲೇ ಟಂಕಸಾಲೆ ಇತ್ತು, ಇಕ್ಕೇರಿ ವರಹ ಅಂದರೆ ಹೆಸರುವಾಸಿ ನಾಣ್ಯ. 1623ರಲ್ಲಿ ಪಿಯೆತ್ರೊ ಡೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಲ್ಲಿಗೆ ಬಂದಿದ್ದ. ಆಗ ವೆಂಕಟಪ್ಪ ನಾಯಕ ಆಳುತ್ತಿದ್ದ. ಬೀದಿಯಲ್ಲಿ ಹುಡುಗಿಯರು ಬಣ್ಣದ ಕೋಲು ಹಿಡಿದು ಕುಣಿಯುವುದನ್ನು ಡೆಲ್ಲಾ ವಾಲೆ ಬರೆದಿಟ್ಟಿದ್ದಾನೆ, ನಮ್ಮ ಕೋಲಾಟವೇ ಇರಬೇಕು ಅಲ್ವಾ? ಪೋರ್ಚುಗೀಸರಿಗೆ ಈ ಕಾಡಿನ ನಡುವೆ ಏನು ಕೆಲಸ ಅಂದರೆ ಕಾಳುಮೆಣಸು. ಘಟ್ಟದ ಮೆಣಸು, ಅಕ್ಕಿ ಎರಡೂ ಬಸರೂರಿನಂಥ ಬಂದರುಗಳಿಂದ ಹಡಗು ಹತ್ತುತ್ತಿದ್ದವು. ಗುಡಿಯ ಪಕ್ಕದ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ಗೈಡ್ ತೋರಿಸದಿದ್ದರೆ ನೀವೇ ಕೇಳಿ. ತೋಟದವರ ಒಪ್ಪಿಗೆ ಪಡೆದು ಒಂದು ಹಸಿ ಕಾಳು ಬಾಯಿಗೆ ಹಾಕಿ. ಇಂದಿನ ಮೊದಲ ರುಚಿ ಅದು.

ಅಘೋರೇಶ್ವರ ಗುಡಿ ಉತ್ತರಕ್ಕೆ ಮುಖ ಮಾಡಿದೆ, ಪೂರ್ತಿ ಕಲ್ಲಿನದು, ಎದುರಿಗೆ ನಂದಿಗೆಂದೇ ಬೇರೆ ಮಂಟಪ. ಒಳಗೆ ಗರ್ಭಗುಡಿಯ ಬಹುಪಾಲು ಜಾಗ ಪೀಠವೇ ತುಂಬಿಕೊಂಡಿದೆ, ಅದರ ಸುತ್ತ ಸ್ತ್ರೀ ಮೂರ್ತಿಗಳು. ಇವನ್ನೆಲ್ಲ ಎಲ್ಲರೂ ನೋಡುತ್ತಾರೆ. ಹೆಚ್ಚಿನವರು ದಾಟಿ ಹೋಗುವುದು ಗರ್ಭಗುಡಿಯ ಎದುರಿನ ನೆಲವನ್ನು. ಅಲ್ಲಿ ಕೆಳದಿಯ ಮೂವರು ನಾಯಕರು ಅಡ್ಡಬಿದ್ದು ನಮಸ್ಕಾರ ಮಾಡುತ್ತಿರುವಂತೆ ನೆಲದ ಕಲ್ಲಿನಲ್ಲೇ ಕೆತ್ತಿದ್ದಾರೆ, ಮೇಲೆ ಹೆಸರೂ ಇದೆ. ಅವರಲ್ಲಿ ಒಬ್ಬನ ಕೈಕಾಲಿಗೆ ಸಂಕೋಲೆ. ಬುದ್ಧಿಭ್ರಮಣೆಯಾದ ನಾಯಕ ಅಂತ ಹೇಳುತ್ತಾರೆ. ದೊರೆಯೊಬ್ಬನನ್ನು ಬೇಡಿ ಸಮೇತ ದೇವರ ಮುಂದೆ ಮಲಗಿಸಿ ಕೆತ್ತಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಐದು ನಿಮಿಷ ಅಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿ. ಕಾಲಿಡುವಾಗ ಮಾತ್ರ ಜೋಪಾನ.

ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಡ್ರೋನ್, ಟ್ರೈಪಾಡ್ ಬೇಕಿದ್ದರೆ ಮೊದಲೇ ಅನುಮತಿ ತೆಗೆದುಕೊಳ್ಳಬೇಕು. ಪೂಜೆ ನಡೆಯುವ ಗುಡಿಯೂ ಹೌದು, ಭಟ್ಟರು ಮಧ್ಯಾಹ್ನ ಬಾಗಿಲು ಹಾಕುವ ಮೊದಲೇ ಗರ್ಭಗುಡಿ ನೋಡಿಕೊಳ್ಳಿ.

ಎಲೆಯ ಮುಂದೆ

ಒಂದು ಗಂಟೆಗೆ ಊಟ ಅಂದಿದ್ದರೆ ಒಂದಕ್ಕೇ ಹೋಗಿ. ಚಪ್ಪಲಿ ಹೊರಗೆ, ಕೈಕಾಲು ತೊಳೆದು ಒಳಗೆ. ಕೆಲವು ಮನೆಗಳಲ್ಲಿ ಮಡಿ ಇರುತ್ತದೆ, ಅಡುಗೆಮನೆ ನೋಡಬೇಕು ಅನ್ನಿಸಿದರೆ ಹೊಸ್ತಿಲ ಈಚೆ ನಿಂತು ಕೇಳಿ.

ರುಚಿ ನೋಡುವವರು ಮಾಡುವ ತಪ್ಪು ಒಂದೇ, ಮೊದಲ ಅನ್ನವನ್ನೇ ಜಾಸ್ತಿ ಹಾಕಿಸಿಕೊಳ್ಳುವುದು. ಒಂದು ಸೌಟು ಸಾಕು. ಮೊದಲು ತಂಬುಳಿ, ಒಂದೆಲಗದ್ದೋ ಇನ್ಯಾವುದೋ ಸೊಪ್ಪಿನದೋ, ತಣ್ಣಗೆ, ಮಜ್ಜಿಗೆ ತೆಂಗಿನಕಾಯಿ ಸೇರಿ ನಾಲಿಗೆ ಮೇಲೆ ಹಗುರವಾಗಿ ಹೋಗುತ್ತದೆ. ಆಮೇಲೆ ಸಾರು, ಹುಳಿ, ಪಲ್ಯ, ಸಾಸಿವೆ, ಎಲೆಯ ತುದಿಯಲ್ಲಿ ಮಿಡಿ ಉಪ್ಪಿನಕಾಯಿ. ಅಪ್ಪೆಮಿಡಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಅದರಲ್ಲೂ ಜೀರಿಗೆ ಮಿಡಿ ಸಿಕ್ಕರೆ ಅದೃಷ್ಟ, ಕಚ್ಚಿದ ಕೂಡಲೇ ಜೀರಿಗೆಯದೇ ಪರಿಮಳ. ಕೊಂಡೊಯ್ಯುವುದಾದರೆ ತೊಟ್ಟು ಇರುವ, ಸಣ್ಣ, ಗಟ್ಟಿ ಮಿಡಿಯದ್ದನ್ನು ಕೇಳಿ.

ಅಪ್ಪೆಹುಳಿ ಕೊನೆಗೆ. ಮಾವಿನಕಾಯಿ ಬೇಯಿಸಿ ಕಿವುಚಿ ತೆಳ್ಳಗೆ ಮಾಡಿ ಒಗ್ಗರಣೆ ಕೊಟ್ಟದ್ದು. ಅನ್ನಕ್ಕೆ ಕಲಸುವುದಕ್ಕಿಂತ ಲೋಟದಲ್ಲಿ ಹಾಕಿಸಿಕೊಂಡು ಕುಡಿಯಿರಿ. ಕುಡಿದರೆ ನಿದ್ದೆ ಬರುತ್ತದೆ ಅಂತ ಈ ಕಡೆ ಎಲ್ಲರೂ ಹೇಳುತ್ತಾರೆ, ಬರುತ್ತದೆ ಕೂಡ. ವಸ್ತುಸಂಗ್ರಹಾಲಯ ಊಟಕ್ಕೆ ಮೊದಲು ಮುಗಿಯಲಿ ಅಂದದ್ದು ಇದಕ್ಕೇ.

ಊಟವಾದ ಮೇಲೆ ಕವಳ, ಅಂದರೆ ಎಲೆ ಅಡಿಕೆ ಕೊಡುತ್ತಾರೆ. ಅಭ್ಯಾಸ ಇಲ್ಲದವರು ಹಸಿ ಅಡಿಕೆ ಮುಟ್ಟಬೇಡಿ. ಸೊಕ್ಕಿದರೆ ಬೆವರು ಕಿತ್ತುಕೊಂಡು ಬರುತ್ತದೆ, ಮುಂದೆ ಘಟ್ಟದ ತಿರುವಿನ ದಾರಿ ಬೇರೆ ಇದೆ.

ಸಾಧ್ಯವಾದರೆ ತೊಡೆದೇವು ಮಾಡುವುದನ್ನು ಇಲ್ಲೇ ನೋಡಿ. ಮೊದಲೇ ಹೇಳಿದ್ದರೆ ಹಿಟ್ಟು ಕಲಸಿ ಇಟ್ಟಿರುತ್ತಾರೆ. ಒಲೆಯ ಮೇಲೆ ಮಣ್ಣಿನ ಗಡಿಗೆ ಬೋರಲು ಹಾಕಿ, ಕೆಳಗೆ ಸಣ್ಣ ಉರಿ. ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಿನಲ್ಲೋ ಬೆಲ್ಲದ ನೀರಿನಲ್ಲೋ ನೀರಾಗಿ ಕಲಸಿರುತ್ತಾರೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ ಗಡಿಗೆಯ ಬೆನ್ನ ಮೇಲೆ ಒಂದೇ ಸಲ ಎಳೆಯುತ್ತಾರೆ. ಚುರ್ ಅನ್ನುತ್ತದೆ, ಅಷ್ಟರಲ್ಲಿ ಅಂಚು ಎದ್ದಿರುತ್ತದೆ, ತುಪ್ಪ ಸವರಿ ಬಿಸಿ ಇರುವಾಗಲೇ ಮಡಚಬೇಕು. ಒಂದು ಉಸಿರು ತಡವಾದರೂ ಮಡಚುವಾಗ ಪುಡಿಯಾಗುತ್ತದೆ. ನಿಮಗೂ ಕೋಲು ಕೊಡುತ್ತಾರೆ. ನಿಮ್ಮದು ದಪ್ಪ ಆಗುತ್ತದೆ, ಹರಿಯುತ್ತದೆ, ಮನೆಯ ಅಜ್ಜಿ ನಗುತ್ತಾರೆ. ಹರಿದದ್ದನ್ನು ಅಲ್ಲೇ ತಿನ್ನಿ, ಸರಿಯಾಗಿ ಬಂದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಮನೆಗೆ ಕಟ್ಟಿಸಿಕೊಳ್ಳಿ. ವಿಡಿಯೋ ಮಾಡುವ ಮೊದಲು ಕೇಳಿ, ಮುಖ ಬರುವುದು ಎಲ್ಲರಿಗೂ ಇಷ್ಟ ಇರಲ್ಲ.

ಮಧ್ಯಾಹ್ನದ ಮೇಲೆ: ನಗರ

ಎರಡೂಕಾಲಕ್ಕೆ ಎದ್ದುಬಿಡಿ, ಚಳಿಗಾಲದಲ್ಲಿ ಆರರ ಸುಮಾರಿಗೆ ಕತ್ತಲಾಗುತ್ತದೆ. ಹೊಸನಗರದ ಮೇಲೆ ನಗರಕ್ಕೆ ಒಂದೂವರೆ ಗಂಟೆಯ ದಾರಿ, ತಿರುವು ಜಾಸ್ತಿ. ವಾಂತಿ ಬರುವವರು ಮುಂದಿನ ಸೀಟಿಗೆ. ಮುರುಗಲು ಶರಬತ್ತು ಒಂದು ಬಾಟಲಿ ಜೊತೆಗಿರಲಿ.

ಇದೇ ಬಿದನೂರು. ಶಿವಪ್ಪ ನಾಯಕ ಇಲ್ಲಿಂದಲೇ ಆಳಿದ್ದು (1645ರಿಂದ 1660). ಜಮೀನನ್ನು ಮಣ್ಣಿನ ಗುಣ ನೋಡಿ ದರ್ಜೆ ಮಾಡಿ ಕಂದಾಯ ಗೊತ್ತುಮಾಡಿದ, ಅದಕ್ಕೇ ಇವತ್ತಿಗೂ 'ಶಿವಪ್ಪ ನಾಯಕನ ಶಿಸ್ತು' ಅನ್ನುತ್ತಾರೆ. ಕೆಳದಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರುಹಾಕಿಕೊಂಡದ್ದೂ ಈ ಮನೆತನದ ರಾಣಿಯಾಗಿಯೇ. ಹೈದರಾಲಿ ಗೆದ್ದ ಮೇಲೆ ಹೈದರ್‌ನಗರ ಆಯಿತು, ಈಗ ಬರೀ ನಗರ.

ಕೋಟೆ ರಸ್ತೆಯ ಪಕ್ಕದಲ್ಲೇ ಇದೆ. ಹತ್ತುವುದು ಕಷ್ಟವಲ್ಲ, ಮಳೆಗಾಲದಲ್ಲಿ ಕಲ್ಲು ಮಾತ್ರ ಜಾರುತ್ತದೆ. ಒಳಗೆ ಅರಮನೆ ಇರಬಹುದು ಅಂದುಕೊಂಡು ಹೋಗಬೇಡಿ. ಅಡಿಪಾಯ, ಬಾವಿ, ಗೋಡೆ ಇಷ್ಟೇ. ಗೈಡ್ ಬೇಕಾಗುವುದು ಇಲ್ಲೇ. ಯಾವ ದಿಕ್ಕಿನಿಂದ ದಾಳಿ ಆಯಿತು, ಕರಾವಳಿಯ ದಾರಿ ಯಾವುದು ಅಂತ ಕೋಟೆಯ ಮೇಲೆ ನಿಂತು ಕೈ ತೋರಿಸಿ ಹೇಳಿದರೆ ಬರೀ ಗೋಡೆಯೂ ಮಾತಾಡುತ್ತದೆ. ಸುಮ್ನೆ ಇಸವಿ ಒಪ್ಪಿಸಿದರೆ ನಿಮಗೆ ಅಪ್ಪೆಹುಳಿಯ ನಿದ್ದೆ ವಾಪಸ್ ಬರುತ್ತದೆ. ಹತ್ತಿರದಲ್ಲೇ ದೇವಗಂಗೆ ಕೊಳಗಳು ಇವೆ, ಒಂದರಿಂದ ಒಂದಕ್ಕೆ ನೀರು ಹರಿಯುವಂತೆ ಕಲ್ಲಿನಲ್ಲಿ ಕಟ್ಟಿದ್ದು. ಮಕ್ಕಳಿದ್ದರೆ ಕೋಟೆಗಿಂತ ಇದೇ ಇಷ್ಟವಾಗುತ್ತದೆ. ನೀರಿಗೆ ಸೋಪು, ಶಾಂಪೂ ಬೇಡ.

ಸಂಜೆಯ ತಿಂಡಿಗೆ ಹೊಸನಗರದಲ್ಲಿ ನಿಲ್ಲಿಸಿ, ಬಿಸಿ ಬೋಂಡಾ, ಕಾಫಿ. ರಿಪ್ಪನ್‌ಪೇಟೆ, ಆಯನೂರಿನ ಮೇಲೆ ಶಿವಮೊಗ್ಗಕ್ಕೆ ಎರಡು ಗಂಟೆ ಅಂತ ಇಟ್ಟುಕೊಳ್ಳಿ. ಡ್ರೈವರ್ ಬೆಳಿಗ್ಗೆಯಿಂದ ಓಡಿಸಿದ್ದಾರೆ, ಬೇಗ ಹೋಗಿ ಅಂತ ಒತ್ತಾಯ ಮಾಡಬೇಡಿ.

ಇನ್ನೊಂದು ದಿನ ಸಿಕ್ಕರೆ

ಇದೇ ರೀತಿ ಶಿಕಾರಿಪುರದ ದಿಕ್ಕಿಗೂ ಒಂದು ಸುತ್ತು ಮಾಡಬಹುದು. ಬಳ್ಳಿಗಾವಿಯಲ್ಲಿ ಕೇದಾರೇಶ್ವರ, ತ್ರಿಪುರಾಂತಕ ಗುಡಿಗಳು, 1047ರ ಭೇರುಂಡೇಶ್ವರ ಕಂಬ. ಅಲ್ಲಮಪ್ರಭುವಿನ ಊರು ಅದು. ಹತ್ತಿರದ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿ, ಅದರ ಮುಂದೆ ಕದಂಬರ ಮಯೂರಶರ್ಮನ ಕಥೆ ಹೇಳುವ ಕಂಬದ ಶಾಸನ. ಸಮಯ ಇದ್ದರೆ ಜಿಲ್ಲೆಯ ಗಡಿ ದಾಟಿ ಬನವಾಸಿಯ ಮಧುಕೇಶ್ವರ. ಬಳ್ಳಿಗಾವಿ, ತಾಳಗುಂದದಲ್ಲಿ ಊಟಕ್ಕೆ ಈ ಕಡೆಯಷ್ಟು ಮನೆಗಳು ಸುಲಭವಾಗಿ ಸಿಗಲ್ಲ, ಬನವಾಸಿಯಲ್ಲಿ ಹೇಳಿಸಿಟ್ಟುಕೊಳ್ಳುವುದು ಒಳ್ಳೆಯದು. ಶಾಸನ ಓದಿ ಅರ್ಥ ಹೇಳಬಲ್ಲ ಗೈಡೇ ಬೇಕು ಆ ದಾರಿಗೆ, ಇಲ್ಲದಿದ್ದರೆ ತಾಳಗುಂದದಲ್ಲಿ ಕಂಬದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹತ್ತು ನಿಮಿಷಕ್ಕೆ ಕಾರು ಹತ್ತುತ್ತೀರಿ.